ಕೋರಲ್ ಥಿಯೇಟರಿನ ಮಂಚ

ಲಾಸೆಲ್ಸ್ ನನ್ನ ಜೊತೆ ಆಡಿದ ಮೊದಲ ಮಾತೇ ಸಂತಾಪದ್ದು.

ಕೋರಲ್ ಥಿಯೇಟರಿನ ಮೇಕಪ್ ರೂಮಿನಲ್ಲಿ ನಾನು ಕಪ್ಪು ಗೌನು ತೊಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿದ್ದೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಉರಿಯುತ್ತಿತ್ತು, ಅದಕ್ಕೇ ಮುಖ ಸಣ್ಣದಾಗಿತ್ತು. ಆತ ಬಾಗಿಲಲ್ಲಿ ಬಂದು ನಿಂತ. ಉದ್ದಕ್ಕೆ, ತೆಳ್ಳಗೆ, ಕೈಯಲ್ಲೊಂದು ಟೂಲ್ ಬಾಕ್ಸ್. ನನ್ನನ್ನು ನೋಡಿದ್ದೇ ತಡ, ಕ್ಯಾಪ್ ತೆಗೆದು ಎದೆಗೆ ಹಿಡಿದುಕೊಂಡ.

“ಕ್ಷಮಿಸಿ ಮಿಸ್, ಗೊತ್ತಿರಲಿಲ್ಲ. ದೇವರು ನಿಮಗೆ ಶಕ್ತಿ ಕೊಡಲಿ. ಯಜಮಾನರು ಹೋಗಿ ಎಷ್ಟು ದಿನ ಆಯ್ತು?”

“ಇನ್ನೂ ಹೋಗಿಲ್ಲ,” ಅಂದೆ. “ನಾಲ್ಕೂವರೆಗೆ ಹೋಗ್ತಾರೆ. ಪ್ರತಿ ಶುಕ್ರವಾರ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕ್ಯಾಪನ್ನು ಬಾಯಿಗೆ ಅಡ್ಡ ಹಿಡಿದು ನಕ್ಕ. ನಾನೂ ನಕ್ಕೆ. ಆದರೆ ಮೂಲೆಯಲ್ಲಿ ಡೋಲು ಬಿಗಿಯುತ್ತಿದ್ದವರು ಯಾರೂ ನಗಲಿಲ್ಲ, ಎಲ್ಲರೂ ಇದ್ದಕ್ಕಿದ್ದ ಹಾಗೆ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿಹೋದರು. ಎಲ್ಲೋ ಕಾಲಿಡಬಾರದ ಕಡೆ ಕಾಲಿಟ್ಟೆ ಅಂತ ಅವನಿಗೆ ತಿಳಿಯಿತು, ಎಲ್ಲಿ ಅಂತ ತಿಳಿಯಲಿಲ್ಲ. ಸಂಜೆ ಯಾರೋ ಹೇಳಿರಬೇಕು: ವೆರೋನಾಳ ಗಂಡ ಗ್ಲೆನ್‌ರಾಯ್ ಮೀನಿಗೆ ಹೋದವನು, ಮೂರು ವರ್ಷ ಆಯಿತು, ದೋಣಿಯೂ ಬಂದಿಲ್ಲ, ಹೆಣವೂ ಬಂದಿಲ್ಲ. ಮರುದಿನ ಅವನು ನನ್ನ ಜೊತೆ ಮಾತಾಡಿದ ದನಿಯಲ್ಲೇ ಗೊತ್ತಾಯಿತು. ಜ್ವರ ಬಂದವರ ಹತ್ತಿರ ಮಾತಾಡುವ ದನಿ. ಅಂಥ ದನಿ ಕೇಳಿದರೆ ನನಗೆ ಮೈ ಉರಿಯುತ್ತದೆ.

ನಮ್ಮ ದ್ವೀಪದ ಬಂದರು ಊರು ಫಾಲ್ಮೌತಿಗೆ ಬೀದಿಗಿಂತ ಎತ್ತರದ ಹಡಗುಗಳು ಬಂದು ನಿಲ್ಲುತ್ತವೆ. ಬೆಳಿಗ್ಗೆ ಇಳಿದ ಪ್ರವಾಸಿಗರು ಮಧ್ಯಾಹ್ನದ ಹೊತ್ತಿಗೆ ಸಮುದ್ರವೂ ಸಾಕಾಗಿ, ಬಿಸಿಲೂ ಸಾಕಾಗಿ, ಇಲ್ಲಿ ನೋಡೋಕೆ ಇನ್ನೇನಿದೆ ಅಂತ ಕೇಳುತ್ತಾ ಬರುತ್ತಾರೆ. ಹೊಸ ಸಿನಿಮಾ ಬೇಕಾದರೆ ಮಾಂಟೆಗೊ ಬೇಗೆ ಬಸ್ ಹತ್ತಬೇಕು. ಬೆಂಕಿ ನುಂಗುವವರನ್ನು ನೋಡಬೇಕಾದರೆ ದೊಡ್ಡ ಹೋಟೆಲುಗಳಿವೆ. ಎರಡೂ ಬೇಡವಾದವರಿಗೆ ನಮ್ಮ ಕೋರಲ್. ಬುಧವಾರ ಹಳೆಯ ಸಿನಿಮಾ, ಶುಕ್ರವಾರ ‘ಒಂಬತ್ತನೇ ರಾತ್ರಿ’ ನಾಟಕ. ಫ್ಯಾನು ತಿರುಗಿದರೆ ತಿರುಗಿತು, ಇಲ್ಲದಿದ್ದರೆ ಇಲ್ಲ.

ಒಂಬತ್ತನೇ ರಾತ್ರಿ ಅಂದರೆ ನಾವು ಸತ್ತವರನ್ನು ಕಳಿಸಿಕೊಡುವ ರಾತ್ರಿ. ಅಲ್ಲಿಯವರೆಗೆ ಅವರು ಮನೆಯಲ್ಲೇ ಸುಳಿದಾಡಿಕೊಂಡಿರುತ್ತಾರೆ. ಆ ರಾತ್ರಿ ನೆಂಟರಿಷ್ಟರೆಲ್ಲ ಸೇರಿ, ಹಾಡಿ, ಡಾಮಿನೋ ಆಡಿ, ರಮ್ ಕುಡಿದು, ಮಧ್ಯರಾತ್ರಿಗೆ ಸತ್ತವರ ಕೋಣೆಯ ಸಾಮಾನಿನ ಜಾಗ ಬದಲಿಸಿ, ಹಾಸಿಗೆಯನ್ನು ಮಗುಚಿ ಹಾಕುತ್ತಾರೆ. ತನ್ನ ಹಾಸಿಗೆ ತನಗೇ ಗುರುತು ಸಿಗದೆ ಸತ್ತವನು ಹೊರಡುತ್ತಾನೆ. ಆಗ ಮನೆಯವರು ಅವನ ಹೆಸರು ಹಿಡಿದು, ‘ಹೋಗು’ ಅನ್ನಬೇಕು. ಹಾಗಂದರೆ ಮುಗಿಯಿತು. ಹಡಗಿನವರು ಏಳು ಗಂಟೆಗೆಲ್ಲ ವಾಪಸ್ ಹತ್ತಬೇಕು, ಹಾಗಾಗಿ ನಾಲ್ಕೂವರೆಗೆ ಶುರುವಾಗುವ ನಮ್ಮ ನಾಟಕದಲ್ಲಿ ಮಧ್ಯರಾತ್ರಿ ಆರು ಗಂಟೆಗೇ ಆಗಿಬಿಡುತ್ತಿತ್ತು.

ನಾಟಕದ ಮಂಚ ಮಾತ್ರ ನಾಟಕದ್ದಲ್ಲ. ಅದು ನಮ್ಮದು, ನನ್ನದು ಮತ್ತು ಗ್ಲೆನ್‌ರಾಯ್‌ದು. ಅವನ ಅಪ್ಪನ ಕಾಲದ ಮಹಾಗನಿ ಮಂಚ, ಮೇಲೆ ನಾರಿನ ಹಾಸಿಗೆ. ಅವನು ಅಡ್ಡಾದಿಡ್ಡಿ ಮಲಗಿ ಮಲಗಿ ಎಡಗಡೆ ಒಂದು ತಗ್ಗು ಬಿದ್ದಿತ್ತು. ಅವನು ಹೋದ ಮೇಲೆ ಎಷ್ಟೇ ಅಂಚಿಗೆ ಮಲಗಿದರೂ ನಿದ್ದೆಯಲ್ಲಿ ನಾನು ಆ ತಗ್ಗಿಗೇ ಜಾರುತ್ತಿದ್ದೆ, ಎಚ್ಚರವಾದಾಗ ಅಲ್ಲಿ ಯಾರೂ ಇರುತ್ತಿರಲಿಲ್ಲ. ಥಿಯೇಟರಿನ ಮಾಲೀಕ ಮಿಸ್ಟರ್ ಡಾಕ್ರೆಸ್ ಹಳೇ ಕಾಲದ ಮಂಚ ಹುಡುಕುತ್ತಿದ್ದಾರೆ ಅಂದಾಗ ನಾನೇ, ತಗೊಂಡು ಹೋಗಿ ಅಂದೆ.

ನನ್ನ ಅತ್ತೆ, ಊರಿಗೆಲ್ಲ ಮಿಸ್ ಎನಿಡ್, ಸುಮ್ಮನೆ ಬಿಡಲಿಲ್ಲ. ಮಿಸ್ಟರ್ ಡಾಕ್ರೆಸ್ಸನ್ನು ಅಡುಗೆಮನೆಗೆ ಕರೆಸಿ ಬೈಬಲ್ ಮೇಲೆ ಕೈ ಇಡಿಸಿದರು. ಮಂಚ ಬೇಕಾದರೆ ಒಯ್ಯಿರಿ, ಕುಣಿಯಿರಿ, ಹಾಡಿರಿ. ಆದರೆ ನನ್ನ ಮಗನ ಹಾಸಿಗೆ ಮಾತ್ರ ಯಾವತ್ತೂ ಮಗುಚಿ ಹಾಕಬಾರದು ಅಂದರು. ಮಿಸ್ಟರ್ ಡಾಕ್ರೆಸ್ ಆಣೆ ಮಾಡಿದರು. ಅಂದಿನಿಂದ ಸ್ಟೇಜಿನ ಮೇಲೆ ಇಬ್ಬರು ಹಾಸಿಗೆಯನ್ನು ಎತ್ತಿ ಹಿಡಿದು, ಒಂದು ಸುತ್ತು ಹಾಕಿ, ಹೇಗಿತ್ತೋ ಹಾಗೇ ಇಡುತ್ತಿದ್ದರು. ನೋಡುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನಮ್ಮಲ್ಲೂ ಯಾರೂ ಅದರ ಮಾತೆತ್ತುತ್ತಿರಲಿಲ್ಲ, ಮಾತೆತ್ತಿದರೇ ಅಪಶಕುನ ಎಂಬಂತೆ. ಹಾಗಾಗಿ ಕಿಂಗ್‌ಸ್ಟನ್ನಿನಿಂದ ಲೈಟ್ ಮತ್ತು ಪ್ರೊಜೆಕ್ಟರ್ ನೋಡಿಕೊಳ್ಳಲು ಬಂದ ಲಾಸೆಲ್ಸ್‌ಗೂ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮಿಸ್ ಎನಿಡ್, ಮಗ ಕ್ಯೂಬಾದಲ್ಲಿದ್ದಾನೆ ಅನ್ನುತ್ತಿದ್ದರು. ಗಾಳಿಗೆ ದೋಣಿ ಆ ದಡಕ್ಕೆ ಹೋಗಿರುತ್ತದೆ, ಪೊಲೀಸರು ಹಿಡಿದಿಟ್ಟಿರುತ್ತಾರೆ, ಒಂದು ದಿನ ಬಿಡುತ್ತಾರೆ. ಹಾಗೆ ಬಂದವರು ಇದ್ದಾರೆ ಕೂಡ. ಭಾನುವಾರ ಮಧ್ಯಾಹ್ನ ಅಕ್ಕಿ ಬಟಾಣಿ ಬೇಯಿಸಿದರೆ ಮೂರು ತಟ್ಟೆ ಇಡುತ್ತಿದ್ದರು. ಆ ಮೂರನೇ ತಟ್ಟೆಯ ಎದುರು ಕೂತು ಊಟ ಮಾಡುವವಳಿಗೆ ಬೇರೆ ಗಂಡಸಿನ ಯೋಚನೆ ಬರಬಾರದು. ನನಗೆ ಬಂತು.

ಬುಧವಾರದ ಸಿನಿಮಾಗಳಿಂದ ಶುರುವಾಯಿತು. ಲಾಸೆಲ್ಸ್ ಕೆಲಸ ಮಾಡುತ್ತಿದ್ದ ಕಿಂಗ್‌ಸ್ಟನ್ನಿನ ಟಾಕೀಸು ಮುಚ್ಚಿ, ಅಲ್ಲೀಗ ಚರ್ಚ್ ನಡೆಯುತ್ತದಂತೆ. ಪಾಪ ಮಾಡಿದ ಜಾಗದಲ್ಲೇ ಪರಿಹಾರ ಅಂತ ನಗುತ್ತಿದ್ದ. ಸಿನಿಮಾಕ್ಕೆ ಮುಂಚೆ ನಮ್ಮಲ್ಲಿ ರಾಷ್ಟ್ರಗೀತೆ ಹಾಕುತ್ತೇವೆ, ಎಲ್ಲರೂ ಎದ್ದು ನಿಲ್ಲಬೇಕು. ಹಡಗಿನವರು ಕಡಲೆ ಮೆಲ್ಲುತ್ತಾ ಕೂತೇ ಇರುತ್ತಿದ್ದರು. ಲಾಸೆಲ್ಸ್ ಗೀತೆಯನ್ನು ಮತ್ತೆ ಮೊದಲಿಂದ ಹಾಕುತ್ತಿದ್ದ. ಆಗಲೂ ಕೂತಿದ್ದರೆ ಮತ್ತೊಮ್ಮೆ. ಒಂದು ಬುಧವಾರ ನಾಲ್ಕು ಸಲ ಹಾಕಿದ, ಕೊನೆಗೆ ಒಬ್ಬ ಮುದುಕಿ ಎದ್ದು ತನ್ನ ಪಕ್ಕದವರನ್ನೆಲ್ಲ ಗದರಿಸಿ ಎಬ್ಬಿಸಿದಳು. ಮೇಲಿನ ಪ್ರೊಜೆಕ್ಟರ್ ರೂಮಿಗೆ ಸುಮ್ಮನೆ ಇಣುಕಲು ಹೋಗಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ನಿಂತಾಗ ಅವನು ನನ್ನನ್ನೇ ನೋಡುತ್ತಿದ್ದ. ಪ್ರೊಜೆಕ್ಟರಿನ ಕಿಂಡಿಯಿಂದ ಸೋರಿದ ಬೆಳಕು ಅವನ ಒಂದು ಕೆನ್ನೆಯ ಮೇಲೆ ಮಾತ್ರ ಬಿದ್ದಿತ್ತು. ಇನ್ನೊಂದು ಕೆನ್ನೆ ಹೇಗಿದೆ ಅಂತ ನೋಡಬೇಕೆನ್ನಿಸಿತು. ಇದ್ದಿದ್ದು ಅಷ್ಟೇ ಆಸೆ.

“ಏನು ನೋಡ್ತಿದೀರ?” ಅಂತ ಕೇಳಿದೆ.

“ನೀವು ನಗೋದು. ಶುಕ್ರವಾರ ಬರೀ ಅಳೋದೇ ನೋಡೋದಲ್ವಾ.”

“ಅಳೋಕೆ ದುಡ್ಡು ಕೊಡ್ತಾರೆ. ನಗೋದು ಪುಕ್ಕಟೆ.”

“ಹಾಗಾದ್ರೆ ಬುಧವಾರ ಬುಧವಾರ ಬನ್ನಿ. ನನ್ನ ಹತ್ತಿರ ದುಡ್ಡಿಲ್ಲ.”

ಹೋದೆ. ಪ್ರತಿ ಬುಧವಾರ ಹೋದೆ. ಒಂದು ಮುಕ್ಕಾಲಿ ಎಳೆದುಕೊಂಡು ಅವನ ಪಕ್ಕ ಕೂರುತ್ತಿದ್ದೆ, ಅವನು ಕಡಲದಂಡೆಯಿಂದ ಕರಿದ ಮೀನು ಮತ್ತು ಮರಗೆಣಸಿನ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದ. ಮೀನಿನ ಮುಳ್ಳು ತೆಗೆದು ನನ್ನ ಕಡೆ ಸರಿಸುತ್ತಿದ್ದ, ಕಣ್ಣು ಮಾತ್ರ ಪರದೆಯ ಮೇಲೆ. ನಾನೇನು ಮಗುವಾ ಅಂತ ಕೇಳಿದರೆ, ಅಲ್ಲ, ಆದರೆ ನಿಮ್ಮ ಬಾಯಿ ಒಂದು ನಿಮಿಷ ಸುಮ್ಮನಿರಲ್ಲ, ಮುಳ್ಳು ಸಿಕ್ಕಿಹಾಕಿಕೊಂಡರೆ ಡಾಕ್ಟರನ್ನ ಎಲ್ಲಿಂದ ತರಲಿ ಅಂದ. ಯಾವಾಗ ‘ನೀವು’ ಹೋಗಿ ‘ನೀನು’ ಬಂತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಒಂದು ಬುಧವಾರ ಸಿನಿಮಾ ಓಡುತ್ತಿದ್ದಾಗ ಅವನು ಹೇಳಿದ: “ನೀನು ಪರದೆ ನೋಡಲ್ಲ. ಕೆಳಗಿನ ಬಾಗಿಲು ನೋಡ್ತೀಯ.”

ಅದು ನಿಜ. ಬಾಗಿಲ ಪರದೆ ಅಲುಗಿದಾಗಲೆಲ್ಲ ನನ್ನ ಕಣ್ಣು ಅಲ್ಲಿಗೆ ಹೋಗುತ್ತಿತ್ತು. ಮೂರು ವರ್ಷದಿಂದ ನಾನು ಕೂತ ಕಡೆಯಲ್ಲೆಲ್ಲ ಬಾಗಿಲು ಕಾಣುವ ಹಾಗೆಯೇ ಕೂತಿದ್ದೇನೆ. ಅದನ್ನು ಇನ್ನೊಬ್ಬರು ಗಮನಿಸಿದ್ದಾರೆ ಅಂತ ತಿಳಿದಾಗ ಸಿಟ್ಟು ಬಂತು, ಅಳುವೂ ಬಂತು.

“ನಾನು ಕಾಯ್ಲಾ ಬೇಡ್ವಾ, ಅಷ್ಟು ಹೇಳು ವೆರೋನಾ,” ಅಂದ. “ಸುಮ್ಮನೆ ಕೇಳ್ತಿದೀನಿ. ಹೇಳದಿದ್ರೂ ಪರವಾಗಿಲ್ಲ.”

“ಕಾಯೋದು ನನ್ನ ಕೆಲಸ. ನಿನಗ್ಯಾಕೆ?”

ಅವನು ಮತ್ತೆ ಕೇಳಲಿಲ್ಲ. ಮೀನು ತರುವುದನ್ನು ಬಿಡಲೂ ಇಲ್ಲ. ನನಗೆ ಅವನು ಬೇಕಾಗಿದ್ದ. ಇದನ್ನು ನಾನು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಗಂಡ ಸತ್ತಿದ್ದರೆ ವಿಧವೆಗೊಂದು ದಾರಿ ಇರುತ್ತದೆ, ಬಿಟ್ಟು ಹೋಗಿದ್ದರೆ ಶಾಪ ಹಾಕಿಕೊಂಡಾದರೂ ಬದುಕಬಹುದು. ನನ್ನ ಗಂಡ ಎರಡೂ ಮಾಡಿರಲಿಲ್ಲ. ಅವನನ್ನು ಸತ್ತ ಅಂತ ಒಪ್ಪಿಕೊಂಡರೆ ನಾನೇ ಅವನನ್ನು ಕೊಂದ ಹಾಗಾಗುತ್ತದೆ, ಅದೂ ಇನ್ನೊಬ್ಬನ ಆಸೆಗೆ. ಮಿಸ್ ಎನಿಡ್ ಮುಖ ಹೇಗೆ ನೋಡಲಿ?

ಆ ಶುಕ್ರವಾರ ಹಾಸಿಗೆ ಎತ್ತುವ ಇಬ್ಬರಲ್ಲಿ ಒಬ್ಬನಿಗೆ ಡೆಂಗ್ಯೂ. ಮಿಸ್ಟರ್ ಡಾಕ್ರೆಸ್ ಲೈಟುಗಳನ್ನು ಒಂದೇ ಬಣ್ಣಕ್ಕೆ ಇಟ್ಟುಬಿಡು ಅಂತ ಹೇಳಿ ಲಾಸೆಲ್ಸ್‌ನನ್ನು ಸ್ಟೇಜಿಗೆ ಇಳಿಸಿದರು. ಕಪ್ಪು ಕೋಟು ಅವನಿಗೆ ಗಿಡ್ಡವಾಗಿ ಮಣಿಕಟ್ಟು ಹೊರಗೆ ಕಾಣುತ್ತಿತ್ತು. ಡೋಲಿನ ಸದ್ದಿನ ನಡುವೆ ಅವನು ನನ್ನ ಕಡೆ ಕಳ್ಳನೋಟ ಬೀರಿದ, ನಾನು ಗಂಡ ಸತ್ತವಳ ಮುಖದಲ್ಲೇ ತುಟಿ ಕಚ್ಚಿ ನಗು ತಡೆದುಕೊಂಡೆ. ಮುಂದಿನ ಸಾಲಿನಲ್ಲಿ ಹಡಗಿನವರು ಫೋನ್ ಎತ್ತಿ ಹಿಡಿದಿದ್ದರು.

ಹಾಸಿಗೆಯ ಹೊತ್ತು ಬಂತು. ಇಬ್ಬರೂ ಎತ್ತಿದರು, ಸುತ್ತು ಹಾಕಿದರು. ಆಚೆಯವನು ಇಳಿಸಲು ಹೋದ. ಲಾಸೆಲ್ಸ್ ತನ್ನ ತುದಿಯನ್ನು ಬಲವಾಗಿ ಹಿಡಿದು, ಮೊಣಕಾಲು ಕೊಟ್ಟು, ಹಾಸಿಗೆಯನ್ನು ಒಂದೇ ಏಟಿಗೆ ಮಗುಚಿ ಮಂಚದ ಮೇಲೆ ಹಾಕಿದ. ಧೂಳು ಎದ್ದಿತು. ಡೋಲಿನವರ ಕೈ ಗಾಳಿಯಲ್ಲೇ ನಿಂತಿತು.

ಮೇಲೆ ಬಂದ ಮಗ್ಗುಲು ಸಮತಟ್ಟಾಗಿತ್ತು, ತಗ್ಗು ಇರಲಿಲ್ಲ.

ಈಗ ನಾನು ನಾಟಕದ ಸತ್ತ ಗಂಡನ ಹೆಸರು ಹಿಡಿದು ‘ಹೋಗು’ ಅನ್ನಬೇಕಿತ್ತು. ಪ್ರತಿ ಶುಕ್ರವಾರ ಅಂದ ಮಾತೇ. ಆದರೆ ಬಾಯಿಗೆ ಬಂದದ್ದು ಬೇರೆ ಹೆಸರು, ಅದನ್ನು ಹಲ್ಲು ಕಚ್ಚಿ ನುಂಗಿದೆ. ಮಾತೇ ಹೊರಡಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಯಾರೋ ಪರದೆ ಎಳೆದರು. ಹಡಗಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟು ಚಪ್ಪಾಳೆ ನನಗೆ ಯಾವತ್ತೂ ಬಿದ್ದಿರಲಿಲ್ಲ.

ಹಿಂದಿನ ಮೆಟ್ಟಿಲ ಹತ್ತಿರ ಅವನ ಕೋಟಿನ ಕಾಲರ್ ಹಿಡಿದೆ.

“ಅದು ಯಾರ ಮಂಚ ಗೊತ್ತಾ ನಿನಗೆ?”

“ನಾಟಕದ್ದು.”

“ನಂದು. ನಂದೂ ಗ್ಲೆನ್‌ರಾಯ್‌ದೂ. ನನ್ನ ಗಂಡನ್ನ ನೀನು ಮನೆಯಿಂದ ಆಚೆ ಹಾಕಿದೆ.”

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಯಾರೂ ಹೇಳಲಿಲ್ಲ, ಯಾರೂ ಹೇಳಲಿಲ್ಲ ಅಂತ ತನಗೆ ತಾನೇ ಹೇಳಿಕೊಂಡ.

“ಎತ್ತಿ ಇಡೋದಷ್ಟೇ ಅಂತ ಮೇಲಿಂದ ಕಾಣ್ತಿರಲಿಲ್ವಾ?”

“ಕಾಣ್ತಿತ್ತು. ಅದಕ್ಕೇ ತಿರುಗಿಸಿದೆ. ನಾನು ಹುಟ್ಟಿದ ಸೇಂಟ್ ಥಾಮಸ್ ಕಡೆ ಎತ್ತಿದ ಹಾಸಿಗೆ ಅರ್ಧಕ್ಕೆ ಬಿಡಬಾರದು ಅಂತಾರೆ. ಬಿಟ್ರೆ ಸತ್ತವರು ಹೋಗೋದೂ ಇಲ್ಲ, ಇರೋದೂ ಇಲ್ಲ. ಪಕ್ಕದಲ್ಲಿ ಯಾರು ನಿಂತಿರ್ತಾರೋ ಅವರ ಬೆನ್ನು ಹತ್ತುತ್ತಾರೆ. ಪ್ರತಿ ಶುಕ್ರವಾರ ನೀನೇ ನಿಂತಿರ್ತೀಯ. ಮೇಲೆ ಕೂತು ಲೈಟ್ ಹಾಕ್ತಾ ಹಾಕ್ತಾ ನಾನು ಹೆದರಿ ಸಾಯ್ತಿದ್ದೆ.”

“ನನ್ನ ಬಗ್ಗೆ ಹೆದರೋಕೆ ನೀನ್ಯಾರು?”

“ಯಾರೂ ಅಲ್ಲ,” ಅಂದ. “ಆದ್ರೂ ಹೆದರಿದೆ.”

ಅವನನ್ನು ಅಲ್ಲೇ ಬಿಟ್ಟು ಬಂದೆ. ಬಾಗಿಲಲ್ಲಿ ಮಿಸ್ಟರ್ ಡಾಕ್ರೆಸ್ ಕೈ ಉಜ್ಜಿಕೊಳ್ಳುತ್ತಾ ಸಿಕ್ಕಿದರು. ಜನ ಹುಚ್ಚೆದ್ದು ಹೋದರು, ಮುಂದಿನ ವಾರವೂ ಹೀಗೇ ಇರಲಿ, ಆ ಮೌನ ಇತ್ತಲ್ಲ ಅದನ್ನು ಬಿಡಬೇಡ ಅಂದರು. ಬೈಬಲ್ ಮೇಲಿಟ್ಟ ಕೈ ನೆನಪಿದೆಯಾ ಅಂತ ಕೇಳಿದೆ. ಒಂದು ಸಲ ಮುರಿದ ಆಣೆ ಮುರಿದ ಹಾಗೇ, ಇನ್ನೇನು ಹೋಗುತ್ತೆ ಅಂದರು. ಇಷ್ಟವಿಲ್ಲದಿದ್ದರೆ ವಿಧವೆ ಪಾತ್ರಕ್ಕೆ ಬೇರೆಯವರು ಸಿಗುತ್ತಾರೆ ಅಂತಲೂ ಸೇರಿಸಿದರು. ಆ ಮನುಷ್ಯನಿಗೆ ನಾಚಿಕೆ ಅನ್ನುವುದು ಹುಟ್ಟಿನಿಂದಲೇ ಇಲ್ಲ.

ಮಿಸ್ ಎನಿಡ್‌ಗೆ ಹೇಗೆ ಹೇಳಲಿ ಅಂತ ಒದ್ದಾಡುತ್ತಾ ಮನೆಗೆ ಹೋದೆ. ನಾನು ಹೇಳಬೇಕಾಗಿ ಬರಲಿಲ್ಲ. ಶನಿವಾರ ಮಾರ್ಕೆಟ್ಟಿನಲ್ಲಿ ಡೋಲಿನವರ ಹೆಂಡಂದಿರೇ ಹೇಳಿ ಮುಗಿಸಿದ್ದರು. ಮಿಸ್ ಎನಿಡ್ ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ, ನನ್ನನ್ನು ಹೊರಗೆ ಹಾಕುತ್ತಾರೆ ಅಂತ ಕಾದೆ. ಅವರು ಭಾನುವಾರ ಚರ್ಚಿನಿಂದ ಬಂದು, ಹ್ಯಾಟ್ ತೆಗೆದು, ಅಡುಗೆ ಮಾಡಿ, ಮೇಜಿನ ಮೇಲೆ ಎರಡು ತಟ್ಟೆ ಇಟ್ಟರು.

ಎರಡೇ. ಮೂರನೆಯದು ಎಲ್ಲಿ ಅಂತ ಕೇಳಿದೆ.

“ಶುಕ್ರವಾರದಿಂದ ಬಂದಿಲ್ಲ ಅವನು,” ಅಂದರು.

“ಯಾರು?”

“ಇನ್ಯಾರು. ನನ್ನ ಮಗ. ದಿನಾ ಬರ್ತಿದ್ದ. ನಸುಕಿನಲ್ಲಿ ಹಿತ್ತಲ ಕಡೆ ಕೆಮ್ಮೋದು ಕೇಳಿಸ್ತಿತ್ತು. ನನ್ನ ಮಂಚದ ಕಾಲ ಕಡೆ ಕೂತ್ಕೊಳ್ತಿದ್ದ, ಒದ್ದೆ ಬಟ್ಟೇಲಿ. ದೋಣಿ ಹೋದ ವಾರದಿಂದ ಬರ್ತಿದ್ದ.”

ಅರ್ಥವಾದಾಗ ಅನ್ನದ ತಟ್ಟೆ ದೂರ ತಳ್ಳಿದೆ.

“ಹಾಗಾದ್ರೆ ಸತ್ತಿದ್ದಾನೆ ಅಂತ ನಿಮಗೆ ಗೊತ್ತಿತ್ತು. ಕ್ಯೂಬಾ ಅಂತ ನನಗ್ಯಾಕೆ ಹೇಳಿದ್ರಿ?”

“ನೀನು ಅವನನ್ನ ಕಳಿಸಿಬಿಡ್ತಿದ್ದೆ. ಒಂಬತ್ತನೇ ರಾತ್ರಿ ಮಾಡಿಸಿ, ಸಾಮಾನು ಸರಿಸಿ, ಹೋಗು ಅಂದುಬಿಡ್ತಿದ್ದೆ. ನಿನಗೆ ವಯಸ್ಸಿದೆ, ಇನ್ನೊಬ್ಬ ಸಿಗ್ತಾನೆ. ನನಗೆ ಇನ್ನೊಬ್ಬ ಮಗ ಎಲ್ಲಿಂದ ಬರಬೇಕು?”

ಹೇಳುವುದಕ್ಕೆ ಬೇಕಾದಷ್ಟಿತ್ತು. ಮೂರು ವರ್ಷ ಬಾಗಿಲು ನೋಡಿಕೊಂಡು ಕೂತಿದ್ದೆ, ಯಾರೂ ಬರದ ಬಾಗಿಲು. ಅವರು ಅದೇ ಮನೆಯೊಳಗೆ ಸತ್ತ ಮಗನನ್ನು ಇಟ್ಟುಕೊಂಡು, ನನ್ನನ್ನು ಕಾಯಲು ಬಿಟ್ಟಿದ್ದರು. ಅವರ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು. ಆದರೆ ಅವರ ಕೈ ನೋಡಿದೆ. ಮೂರನೇ ತಟ್ಟೆ ಇರುತ್ತಿದ್ದ ಜಾಗವನ್ನು ಅಂಗೈಯಿಂದ ಒರೆಸುತ್ತಲೇ ಇದ್ದರು.

ಆಮೇಲೆ ಅವರು ಕೇಳಿದರು, ಬಹಳ ಮೆಲ್ಲಗೆ: “ಹಾಸಿಗೆ ತಿರುಗಿಸಿದ ಮೇಲೆ ‘ಹೋಗು’ ಅಂತ ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ. ನನ್ನ ಬಾಯಿಗೆ ಮಾತೇ ಬರಲಿಲ್ಲ.”

“ಯಾರೂ ಹೇಳಲಿಲ್ಲ,” ಅಂದರು. “ಮನೇಲೂ ಇಲ್ಲ. ಹೋಗೂ ಇಲ್ಲ. ಹಾಗಾದ್ರೆ ನನ್ನ ಮಗು ಈಗ ಎಲ್ಲಿ ನಿಂತಿದೆ?”

ಬುಧವಾರ ನಾನು ಸಿನಿಮಾಕ್ಕೆ ಹೋಗಲಿಲ್ಲ. ಗುರುವಾರ ಲಾಸೆಲ್ಸ್ ನಮ್ಮ ಗೇಟಿನವರೆಗೆ ಬಂದು, ಒಳಗೆ ಬರುವ ಧೈರ್ಯವಾಗದೆ ಹೋದ ಅಂತ ಪಕ್ಕದ ಮನೆಯವರು ಹೇಳಿದರು. ಸಿಟ್ಟು ಇಳಿದಿತ್ತು. ಅವನು ಪ್ರಾಮಾಣಿಕವಾಗಿ ಮಾಡಿದ ಆ ಒಂದು ಕೆಲಸಕ್ಕೆ, ಮೂರು ವರ್ಷ ಎಲ್ಲರೂ ಸೇರಿ ಹೇಳಿದ ಸುಳ್ಳು ಮುರಿದುಬಿತ್ತು. ಆದರೂ ಹೋಗಿ ಮಾತಾಡಿಸುವಷ್ಟು ನಾನು ದೊಡ್ಡವಳಾಗಲಿಲ್ಲ.

ಶುಕ್ರವಾರ ಸ್ಟೇಜಿಗೆ ಹೋದೆ. ಪಾತ್ರ ಬಿಟ್ಟರೆ ಮನೆ ನಡೆಯುವುದಿಲ್ಲ. ಹಾಸಿಗೆ ಎತ್ತುವವನು ಡೆಂಗ್ಯೂ ವಾಸಿಯಾಗಿ ಬಂದಿದ್ದ, ಲಾಸೆಲ್ಸ್ ಮೇಲೆ ತನ್ನ ಲೈಟುಗಳ ಹತ್ತಿರ ಇದ್ದ. ಡೋಲು, ಡಾಮಿನೋ, ಹಾಡು, ಎಲ್ಲ ಆಯಿತು. ಮಿಸ್ಟರ್ ಡಾಕ್ರೆಸ್ ಹೇಳಿದಂತೆ ಆ ಇಬ್ಬರು ಹಾಸಿಗೆಯನ್ನು ಪೂರ್ತಿ ಮಗುಚಿದರು. ಎರಡನೇ ಸಲ ಮಗುಚಿದ್ದರಿಂದ ಅದು ಮೊದಲಿನ ಮಗ್ಗುಲಿಗೇ ಬಂತು. ತಗ್ಗು ಮತ್ತೆ ಮೇಲೆ ಬಂತು, ಅವನು ಈಗಷ್ಟೇ ಎದ್ದು ಹೋದ ಹಾಗೆ. ಇದನ್ನು ಯಾರೂ ಯೋಚಿಸಿರಲಿಲ್ಲ.

ಆಗ ಮುಂದಿನ ಸಾಲಿನ ತುದಿಯಲ್ಲಿ ಒಂದು ಭಾನುವಾರದ ಹ್ಯಾಟ್ ಎದ್ದು ನಿಂತಿತು. ಮಿಸ್ ಎನಿಡ್. ಥಿಯೇಟರನ್ನು ಸೈತಾನನ ಮನೆ ಅನ್ನುತ್ತಿದ್ದವರು, ಜನ್ಮದಲ್ಲಿ ಒಳಗೆ ಕಾಲಿಡದವರು. ಹಡಗಿನವರ ಮೊಣಕಾಲು ದಾಟಿಕೊಂಡು ಬಂದು, ಒಂದು ಕೈಯಲ್ಲಿ ಗೌನು ಎತ್ತಿ ಹಿಡಿದು ಸ್ಟೇಜಿನ ಮೆಟ್ಟಿಲು ಹತ್ತಿದರು. ಡೋಲಿನವರು ಎದ್ದು ದಾರಿ ಬಿಟ್ಟರು.

ಹಾಸಿಗೆಯ ತಗ್ಗಿನ ಮೇಲೆ ಅಂಗೈ ಇಟ್ಟರು. ಬಿಸಿ ಇದೆಯಾ ಅಂತ ನೋಡುವವರ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, “ಆ ಕಡೆ ಹಿಡ್ಕೋ,” ಅಂದರು.

ಇಬ್ಬರೂ ಸೇರಿ ಮಗುಚಿದೆವು. ನನ್ನ ಅತ್ತೆಯ ಉಸಿರು ಸಿಳ್ಳೆಯ ಹಾಗೆ ಕೇಳುತ್ತಿತ್ತು. ಹಾಸಿಗೆ ಬಿದ್ದ ಮೇಲೆ ಅವರು ಹೊದಿಕೆಯ ಸುಕ್ಕು ತೆಗೆದರು, ನೆಟ್ಟಗೆ ನಿಂತರು.

“ಗ್ಲೆನ್‌ರಾಯ್,” ಅಂದರು. “ಅಮ್ಮ ಕಣೋ. ನಾನೇ ನಿನ್ನ ಹಿಡ್ಕೊಂಡಿದ್ದೆ, ನಿನ್ನ ಹೆಂಡ್ತಿ ಅಲ್ಲ. ನಿನಗೆ ಒದ್ದೆ ಬಟ್ಟೇಲಿ ಚಳಿ ಆಗುತ್ತೆ ಅಂತ ಗೊತ್ತಿದ್ರೂ ಹಿಡ್ಕೊಂಡಿದ್ದೆ. ಸಾಕು ಮಗನೇ. ಹೋಗು.”

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು. ಇಡೀ ಥಿಯೇಟರ್ ಎದ್ದು ನಿಂತಿತು. ಸಿಳ್ಳೆ ಹಾಕಿದರು. ಫೋನುಗಳ ಬೆಳಕು ಮಿಸ್ ಎನಿಡ್ ಮುಖಕ್ಕೆ ಬಡಿಯಿತು. ಅವರ ಹ್ಯಾಟ್ ಜಾರಿತ್ತು, ಬಾಯಿ ತೆರೆದೇ ಇತ್ತು, ಮುಖದ ಮೇಲೆ ನೀರು ಇಳಿಯುತ್ತಿತ್ತು. ಮಗನನ್ನು ಕಳಿಸಿದ ತಾಯಿಗೆ ಹಡಗಿನವರು ಒನ್ಸ್ ಮೋರ್ ಅಂತ ಕೂಗುತ್ತಿದ್ದರು. ಸ್ಟೇಜಿನ ಪಕ್ಕದ ಪರದೆಯ ಹಿಂದಿನಿಂದ ಮಿಸ್ಟರ್ ಡಾಕ್ರೆಸ್, ಲೈಟ್ ಜಾಸ್ತಿ ಮಾಡು, ಮುಖದ ಮೇಲೆ ಹಾಕು ಅಂತ ಮೇಲಕ್ಕೆ ಕೈಸನ್ನೆ ಮಾಡಿದರು.

ಲಾಸೆಲ್ಸ್ ಎಲ್ಲ ಲೈಟುಗಳನ್ನೂ ಆರಿಸಿಬಿಟ್ಟ.

ಕತ್ತಲು ಅಂದರೆ ಕತ್ತಲು. ಬಾಗಿಲ ಮೇಲಿನ ಕೆಂಪು ದೀಪವನ್ನೂ ಬಿಡಲಿಲ್ಲ. ಚಪ್ಪಾಳೆ ತಡವರಿಸಿ ನಿಂತಿತು. ಕುರ್ಚಿಗಳು ಎಡವಿದ ಸದ್ದು, ಯಾವ್ಯಾವುದೋ ಭಾಷೆಯ ಗೊಣಗಾಟ, ಮಿಸ್ಟರ್ ಡಾಕ್ರೆಸ್ಸರ ಬೈಗುಳ. ನಾನು ತಡಕಾಡಿ ಮಿಸ್ ಎನಿಡ್‌ರನ್ನು ಹಿಡಿದುಕೊಂಡೆ. ಆ ಕತ್ತಲಲ್ಲಿ ಅವರು ಯಾರಿಗೂ ಕಾಣದ ಹಾಗೆ, ಹೊಟ್ಟೆಯ ಆಳದಿಂದ, ಅತ್ತರು. ಹೊರಗೆ ಬಂದರಿನಲ್ಲಿ ಹಡಗು ಕೂಗಿತು, ಜನ ಫೋನಿನ ಬೆಳಕಿನಲ್ಲಿ ದಾರಿ ಹುಡುಕಿಕೊಂಡು ಹೋದರು. ಲಾಸೆಲ್ಸ್ ಮೆಟ್ಟಿಲಿಳಿದು ಬರುವುದು ಕೇಳಿಸಿತು.

“ಯಾರದು?” ಅಂದರು ಮಿಸ್ ಎನಿಡ್.

“ಲಾಸೆಲ್ಸ್, ಅಮ್ಮಾ. ದೀಪ ಆರಿಸಿದವನು.”

“ಹಾಸಿಗೆ ತಿರುಗಿಸಿದವನೂ ನೀನೇನಾ?”

“ಹೌದಮ್ಮಾ. ತಿಳಿಯದೆ ಮಾಡಿದೆ. ತಪ್ಪಾಯ್ತು.”

ಅವರು ಹ್ಯಾಟ್ ಹುಡುಕಿಕೊಂಡರು, ತಲೆಗೆ ಇಟ್ಟು ಪಿನ್ ಚುಚ್ಚಿಕೊಂಡರು. ಕೈ ಹಿಡಿಯಲು ಹೋದರೆ ನನ್ನ ಕೈ ಸರಿಸಿದರು. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಹಿಂದಿನ ಬಾಗಿಲಲ್ಲಿ ನಿಂತು ಅವರು ಅವನ ಮುಖವನ್ನು ಮೊದಲ ಸಲ ನೋಡಿದರು. ಪ್ರೀತಿಯಿಂದಲ್ಲ. ಅದನ್ನು ನಾನು ಸಿಹಿ ಮಾಡಿ ಹೇಳುವುದಿಲ್ಲ.

“ಇವಳನ್ನ ಮನೆಗೆ ಕರ್ಕೊಂಡು ಬಾ,” ಅಂದರು. “ಈಗಲೇ ಬೇಡ. ಇವಳು ಇನ್ನೂ ಅತ್ತಿಲ್ಲ.”

ಅಷ್ಟು ಹೇಳಿ ಒಬ್ಬರೇ ಹೋದರು, ಬೀದಿಯ ನಡುವೆ, ಯಾರ ಕಡೆಗೂ ನೋಡದೆ.

ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಕೆಲಸ ಹೋಯಿತು ಅಂದ. ನನ್ನದೂ ಹೋಗಿರುತ್ತದೆ ಅಂದೆ. ಹಡಗಿನ ಮೈತುಂಬ ದೀಪ ಹತ್ತಿತ್ತು, ಅದು ಮೆಲ್ಲಗೆ ದಡ ಬಿಡುತ್ತಿತ್ತು. ಅವನ ಕೈ ನನ್ನ ಕೈಯ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ.

“ನನಗೆ ನೀನು ಬೇಕು,” ಅಂದೆ. “ಬಹಳ ದಿನದಿಂದ ಬೇಕು. ಇವತ್ತು ಇದನ್ನ ಹೇಳಬಾರದು. ಇವತ್ತು ಅವನು ಹೋದ ದಿನ.”

“ಗೊತ್ತು.”

“ಕೋಪ ಬರಲ್ವಾ?”

“ಇಲ್ಲ. ನೀನು ಮೊದಲು ಅವನಿಗೋಸ್ಕರ ಅಳು. ನಾನು ಇಲ್ಲೇ ಇರ್ತೀನಿ.”

ಸ್ಟೇಜಿನ ಮೇಲೆ ಬೇಕೆಂದಾಗ ಕಣ್ಣೀರು ತರಿಸುವುದು ನನಗೆ ನೀರು ಕುಡಿದಷ್ಟು ಸಲೀಸು. ಇದು ಹಾಗಿರಲಿಲ್ಲ. ಮೊದಲು ಉಸಿರು ಸಿಗಲಿಲ್ಲ, ಆಮೇಲೆ ನನ್ನದೆಂದು ನನಗೇ ಗೊತ್ತಾಗದ ಒಂದು ದನಿ ಹೊರಗೆ ಬಂತು. ಗ್ಲೆನ್‌ರಾಯ್ ಅಂತ ಕೂಗಿದೆ. ಅವನ ಹೆಸರು ಹಿಡಿದು ಬೈದೆ. ಆ ಗಾಳಿಯಲ್ಲಿ ಯಾಕೆ ಹೋದೆ, ನಾನು ಬೇಡ ಅಂದಿದ್ದೆನಲ್ಲ ಅಂದೆ. ಮೂರು ವರ್ಷ ಸತ್ತಿದ್ದವನು ಆಗ ತಾನೇ ಸತ್ತ ಹಾಗೆ ಅತ್ತೆ. ಲಾಸೆಲ್ಸ್ ನನ್ನ ಭುಜ ಹಿಡಿದುಕೊಂಡಿದ್ದ. ನಾನು ಇನ್ನೊಬ್ಬ ಗಂಡಸಿನ ಹೆಸರು ಕೂಗುತ್ತಿದ್ದರೂ ಅವನು ಕೈ ಸಡಿಲಿಸಲಿಲ್ಲ.